ಓವನ್ ಕೆಟ್ಟಿಲ್ಲ, ಅದಕ್ಕೆ ಉಸಿರು ಕಟ್ಟಿದೆ

ಮೈಕ್ರೊವೇವ್ ಓವನ್ನಿನ ದೀಪ ಉರಿಯುತ್ತಿದೆ, ಗಾಜಿನ ತಟ್ಟೆ ತಿರುಗುತ್ತಿದೆ. ಆದರೂ ನಾಲ್ಕನೆಯ ಬಟ್ಟಲಿನ ಸಾರು ತಣ್ಣಗೇ ಹೊರಬರುತ್ತದೆ. ‘ಮ್ಯಾಗ್ನೆಟ್ರಾನ್ ಹೋಗಿದೆ, ಹೊಸ ಓವನ್ನೇ ತಗೊಳ್ಳಿ’ ಎಂದು ಯಾರಾದರೂ ಹೇಳಿಬಿಡುತ್ತಾರೆ. ಒಪ್ಪುವ ಮುನ್ನ ಅರ್ಧ ಗಂಟೆ ಕಾಯಿರಿ. ಆರಿದ ಮೇಲೆ ಓವನ್ ಮತ್ತೆ ಬಿಸಿ ಮಾಡಿತೆಂದರೆ, ತರಂಗಗಳನ್ನು ಹುಟ್ಟಿಸುವ ಆ ಮ್ಯಾಗ್ನೆಟ್ರಾನ್ ಸತ್ತಿಲ್ಲ. ಅದರ ಪಕ್ಕದಲ್ಲಿರುವ ಥರ್ಮಲ್ ಕಟ್‌ಔಟ್ ಎಂಬ ಗುಂಡಿಯಷ್ಟು ಚಿಕ್ಕ ಸ್ವಿಚ್, ಶಾಖ ಮಿತಿಮೀರಿದ್ದರಿಂದ ವಿದ್ಯುತ್ತನ್ನು ತಡೆದಿತ್ತು, ಅಷ್ಟೆ.

ಶಾಖ ಎಲ್ಲಿಂದ ಬಂತು? ಆಹಾರಕ್ಕೆ 800 ವಾಟ್ ಕೊಡುವ ಓವನ್ ಗೋಡೆಯ ಪ್ಲಗ್‌ನಿಂದ ಸುಮಾರು 1200 ವಾಟ್ ಎಳೆಯುತ್ತದೆ. ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ಮ್ಯಾಗ್ನೆಟ್ರಾನ್, ಟ್ರಾನ್ಸ್‌ಫಾರ್ಮರ್‌ಗಳನ್ನೇ ಕಾಯಿಸುತ್ತದೆ. 1947ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿ ಮಾರಾಟಕ್ಕಿಟ್ಟ ಮೊದಲ ಓವನ್ ಆಳೆತ್ತರವಿತ್ತು. ಅದನ್ನು ತಣ್ಣಗಿಡಲು ನೀರಿನ ಪೈಪು ಜೋಡಿಸಬೇಕಿತ್ತು. ನಮ್ಮ ಅಡುಗೆಮನೆಯ ಪೆಟ್ಟಿಗೆಗೆ ಒಂದು ಪುಟ್ಟ ಫ್ಯಾನೇ ಗತಿ. ಆ ಪೆಟ್ಟಿಗೆಯನ್ನು ಮಾಡ್ಯುಲರ್ ಕಿಚನ್ನಿನ ಗೂಡಿಗೆ ಒತ್ತಿ ತುರುಕಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಬ್ರೆಡ್ಡಿನ ಡಬ್ಬಿಯನ್ನೂ ಇಟ್ಟರೆ ಬಿಸಿಗಾಳಿ ಹೊರಗೆ ಹೋಗುವುದೆಲ್ಲಿಂದ? ಒಗ್ಗರಣೆಯ ಜಿಡ್ಡು ಧೂಳಿನೊಡನೆ ಸೇರಿ ಗಾಳಿಕಿಂಡಿಗಳಲ್ಲಿ ಕಟ್ಟಿಕೊಂಡಿದ್ದರಂತೂ ಫ್ಯಾನ್ ತಿರುಗಿಯೂ ಪ್ರಯೋಜನವಿಲ್ಲ. ಪ್ಲಗ್ ಕಿತ್ತು ಹೊರಗಿನಿಂದಲೇ ಕಿಂಡಿಗಳನ್ನು ಒರೆಸಿ, ಕೈಪಿಡಿಯಲ್ಲಿ ಹೇಳಿದಷ್ಟು ಜಾಗವನ್ನು ಸುತ್ತ ಬಿಡಿ. ಎಷ್ಟೋ ಮನೆಗಳಲ್ಲಿ ರಿಪೇರಿ ಇಷ್ಟಕ್ಕೇ ಮುಗಿಯುತ್ತದೆ.

‘ಖಾಲಿ ಓಡಿಸಿ ನೋಡೋಣ’ ಎಂಬ ಪರೀಕ್ಷೆ ಬೇಡವೇ ಬೇಡ. ಹೀರಿಕೊಳ್ಳಲು ಒಳಗೆ ಏನೂ ಇಲ್ಲದಾಗ ತರಂಗಗಳು ಮ್ಯಾಗ್ನೆಟ್ರಾನ್‌ನತ್ತಲೇ ಮರಳಿ ಅದನ್ನು ಇನ್ನಷ್ಟು ಕಾಯಿಸುತ್ತವೆ. ಗಾಜಿನ ಲೋಟದಲ್ಲಿ ನೀರಿಟ್ಟು ಪೂರ್ತಿ ಪವರ್‌ನಲ್ಲಿ ಒಂದು ನಿಮಿಷ ಓಡಿಸಿ. ಸರಿಯಿರುವ ಓವನ್ ನೀರನ್ನು ಚೆನ್ನಾಗಿ ಬಿಸಿ ಮಾಡುತ್ತದೆ. ಕಡಿಮೆ ಪವರ್ ಇಟ್ಟಾಗ ಸದ್ದು ಬಂದು ಬಂದು ನಿಲ್ಲುವುದೂ ದೋಷವಲ್ಲ. ಸಾಮಾನ್ಯ ಓವನ್ ಅರ್ಧ ಪವರ್ ಕೊಡುವ ರೀತಿಯೇ ಅದು: ಕೆಲವು ಸೆಕೆಂಡು ಉರಿದು, ಕೆಲವು ಸೆಕೆಂಡು ಸುಮ್ಮನಿರುತ್ತದೆ.

ಅಡುಗೆ ಮುಗಿದ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಕರೆಂಟು ದಂಡವೆಂದು ಗೋಡೆಯ ಸ್ವಿಚ್ ಆರಿಸುವವರಿದ್ದಾರೆ. ಅದರಲ್ಲೂ ಕನ್ವೆಕ್ಷನ್‌ನಲ್ಲಿ ಕೇಕ್ ಮಾಡಿದ ನಂತರ ಆ ಗಾಳಿ ಬೇಕೇ ಬೇಕು. ತಾನಾಗಿ ನಿಲ್ಲಲಿ.

ನನಗೆ ನಿಜಕ್ಕೂ ಭಯವಾಗುವುದು ಇನ್ನೆರಡು ನಂಬಿಕೆಗಳ ಬಗ್ಗೆ. ‘ಕಟ್‌ಔಟನ್ನು ಶಾರ್ಟ್ ಮಾಡಿಬಿಟ್ಟರೆ ಆಯ್ತು’ ಎಂಬುದು ಮೊದಲನೆಯದು. ಹಾಗೆ ಮಾಡಿದರೆ ಓವನ್ ಓಡುತ್ತದೆ ನಿಜ, ಆದರೆ ಬೆಂಕಿ ಹೊತ್ತಿಕೊಳ್ಳದಂತೆ ತಡೆಯುತ್ತಿದ್ದ ಕಾವಲನ್ನೇ ಕಿತ್ತಂತಾಗುತ್ತದೆ. ಎರಡನೆಯದು, ಪ್ಲಗ್ ಕಿತ್ತರೆ ಶಾಕ್ ಹೊಡೆಯುವುದಿಲ್ಲ ಎಂಬುದು. ಒಳಗಿನ ಕೆಪಾಸಿಟರ್ 2000 ವೋಲ್ಟ್‌ನಷ್ಟು ವಿದ್ಯುತ್ತನ್ನು ಪ್ಲಗ್ ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರಬಹುದು. ಅದು ಜೀವ ತೆಗೆಯುತ್ತದೆ. ಮಿಕ್ಸಿ ಬಿಚ್ಚಿದ ಧೈರ್ಯದಲ್ಲಿ ಓವನ್ ಬಿಚ್ಚಬೇಡಿ.

ಕಿಂಡಿ ಒರೆಸಿ, ಜಾಗ ಬಿಟ್ಟ ಮೇಲೂ ಓವನ್ ನಿಲ್ಲುತ್ತಿದ್ದರೆ ಫ್ಯಾನ್ ಮೋಟಾರು ಸೋತಿರಬಹುದು, ಮ್ಯಾಗ್ನೆಟ್ರಾನ್ ಹಳತಾಗಿರಲೂಬಹುದು. ಮೆಕ್ಯಾನಿಕ್ ಬಂದಾಗ ‘ಬಿಸಿ ಆಗ್ತಿಲ್ಲ’ ಎಂದಷ್ಟೇ ಹೇಳಬೇಡಿ. ಎಷ್ಟು ನಿಮಿಷಕ್ಕೆ ನಿಂತಿತು, ಎಷ್ಟು ಹೊತ್ತು ಆರಿದ ಮೇಲೆ ಮತ್ತೆ ಬಿಸಿಯಾಯಿತು, ಫ್ಯಾನಿನ ಗಾಳಿ ಕೈಗೆ ತಾಗುತ್ತಿತ್ತೇ, ಈ ಮೂರನ್ನೂ ಹೇಳಿ.