ಸಿಪ್ಪೆ, ಹೊಟ್ಟು, ಹಾಳೆ: ಒಲೆಗೆ ಯಾವುದು, ಕೊಟ್ಟಿಗೆಗೆ ಯಾವುದು?



ಅಡಿಕೆ ಬೇಯಿಸುವ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಸೌದೆಯ ಮಾತು. ಬೇಸಿಗೆ ಬಂತೆಂದರೆ ಕೊಟ್ಟಿಗೆಯ ಮಾತು. ಗದ್ದೆಗಳೆಲ್ಲ ತೋಟವಾದ ಮೇಲೆ ದನಗಳ ಹುಲ್ಲಿಗಾಗಿ ಬಯಲುಸೀಮೆಯ ಲಾರಿಯ ದಾರಿ ಕಾಯುವಂತಾಗಿದೆ. ಹೊಟ್ಟು ಸಿಪ್ಪೆಗಳನ್ನು ಒತ್ತಿ ಗಟ್ಟಿ ಮಾಡುವ ಯಂತ್ರವೊಂದನ್ನು ಸಂಘವೇ ಕೊಂಡರೆ ಎರಡು ಕಷ್ಟಗಳೂ ತೀರುತ್ತವೆ ಎಂದು ಕೆಲವು ಸದಸ್ಯರು ಸಲಹೆ ಕೊಟ್ಟಿದ್ದಾರೆ. ಸಲಹೆ ಒಳ್ಳೆಯದೇ. ಆದರೆ ಸದಸ್ಯರ ಹಣಕ್ಕೆ ಕೈಹಾಕುವ ಮೊದಲು ಕಣ್ಣಾರೆ ನೋಡಿ ಬರುವುದು ಲೇಸೆಂದು ನಾವು ಘಟ್ಟದಿಂದ ಇಳಿದು ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳನ್ನು ಸುತ್ತಿ ಬಂದೆವು. ಅಲ್ಲಿ ತಿಳಿದುದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದವು. ಮಳೆ ಕಡಿಮೆ. ಮೆಕ್ಕೆಜೋಳ, ಶೇಂಗಾ, ಜೋಳ, ಸಜ್ಜೆ ಇಲ್ಲಿಯ ಬೆಳೆಗಳು. ನೀರಿನ ಅನುಕೂಲವಿದ್ದ ಕಡೆ ಈಚೆಗೆ ಅಡಿಕೆಯೂ ತಲೆಯೆತ್ತಿದೆ. ನಮಗೆ ಕಸವೆಂದು ಕಾಣುವ ದಂಟು, ಸಿಪ್ಪೆಗಳು ಅಲ್ಲಿ ಕಣದ ತುಂಬ. ಹಿತ್ತಲುಗಳಲ್ಲಿ ಹೆಂಗಸರು ಸಗಣಿಗೆ ಹೊಟ್ಟು ಬೆರೆಸಿ, ಕುಳ್ಳು ತಟ್ಟಿ ಒಣಗಿಸುತ್ತಾರೆ. ಚದುರಿದ್ದನ್ನು ಒತ್ತಿ, ಒಣಗಿಸಿ, ಒಟ್ಟಿಡುವ ವಿದ್ಯೆ ನಮ್ಮ ಅಜ್ಜಿಯರದೇ. ಯಂತ್ರ ಬಂದದ್ದು ಆಮೇಲೆ.

ಯಂತ್ರ ಮಾಡುವುದೇನು?

ಬಿಡಿ ಶೇಂಗಾ ಸಿಪ್ಪೆ ಒಂದು ಘನ ಮೀಟರು ಜಾಗದಲ್ಲಿ 100ರಿಂದ 150 ಕಿಲೋ ಹಿಡಿಯುವುದೇ ಹೆಚ್ಚು. ಲಾರಿ ತುಂಬಿದಂತೆ ಕಂಡರೂ ತೂಕವಿರುವುದಿಲ್ಲ; ಬಾಡಿಗೆಯೆಲ್ಲ ಗಾಳಿಗೆ ಕೊಟ್ಟಂತೆ. ಅದನ್ನೇ ಪುಡಿ ಮಾಡಿ ಬಲವಾಗಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಸಿಪ್ಪೆಯಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ, ಆರಿದ ಮೇಲೆ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಬೇರೆ ಅಂಟು ಬೇಕಿಲ್ಲ. ಹೀಗೆ ಹೊರಬರುವ ದುಂಡನೆಯ ಕೊರಡೇ ಬ್ರಿಕೆಟ್. ಇದು ನೀರಿನಲ್ಲಿ ಮುಳುಗುವಷ್ಟು ಗಟ್ಟಿ.

ಒತ್ತಿದ ಮಾತ್ರಕ್ಕೆ ಶಾಖ ಹೆಚ್ಚುವುದಿಲ್ಲ ಎಂಬುದನ್ನು ಮರೆಯಬಾರದು. ಕಿಲೋ ಒಂದಕ್ಕೆ ಸುಮಾರು 4,000 ಕಿಲೋಕ್ಯಾಲೊರಿಯ ಆಸುಪಾಸಿನಲ್ಲಿ ಒಣ ಸಿಪ್ಪೆ, ಒಣ ಸೌದೆ, ಬ್ರಿಕೆಟ್ ಎಲ್ಲವೂ ಬಹುಮಟ್ಟಿಗೆ ಒಂದೇ. ಲಾಭವಿರುವುದು ಸಾಗಣೆಯಲ್ಲಿ, ದಾಸ್ತಾನಿನಲ್ಲಿ ಮತ್ತು ಒಣತನದಲ್ಲಿ.

ಒಣತನವೇ ಇದರ ಜೀವಾಳ. ಪದಾರ್ಥದಲ್ಲಿ ನೀರಿನ ಅಂಶ ನೂರಕ್ಕೆ 8ರಿಂದ 12ರೊಳಗಿರಬೇಕು. ಹೆಚ್ಚಿದ್ದರೆ ಒಳಗೆ ಹಬೆ ಕಟ್ಟಿ ಕೊರಡು ಬಿರಿಯುತ್ತದೆ. ಇನ್ನೊಂದು ಶತ್ರು ಮರಳು. ಶೇಂಗಾ ಮಣ್ಣಿನೊಳಗಿನ ಬೆಳೆ. ಸಿಪ್ಪೆಯ ಜೊತೆ ಬಂದ ಮಣ್ಣು ಯಂತ್ರದ ಅಚ್ಚನ್ನು ತಿಂದುಹಾಕುತ್ತದೆ. ಜರಡಿ ಹಿಡಿಯದೆ ಹಾಕಿದವರಿಗೆ ಬಿಡಿಭಾಗದ ಖರ್ಚೇ ಲಾಭವನ್ನು ನುಂಗುತ್ತದೆ.

ಲೆಕ್ಕ ಹಾಕಿ ನೋಡೋಣ

ಗಂಟೆಗೆ ಅರ್ಧ ಟನ್ ಒತ್ತುವ ಯಂತ್ರವೆಂದಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 200 ದಿನ ನಡೆದರೆ 800 ಟನ್ ಒಣ ಪದಾರ್ಥ ಬೇಕು. ಶೇಂಗಾ ಕಾಯಿಯ ತೂಕದಲ್ಲಿ ಸಿಪ್ಪೆಯ ಪಾಲು ನೂರಕ್ಕೆ 25ರಿಂದ 30. ಎಂದರೆ ಈ ಒಂದು ಯಂತ್ರದ ಹೊಟ್ಟೆ ತುಂಬಲು ಸುಮಾರು 30,000 ಕ್ವಿಂಟಾಲು ಶೇಂಗಾ ಒಡೆಯಬೇಕು! ಶೇಂಗಾ ಮಿಲ್ಲುಗಳಿರುವ ಬಯಲುಸೀಮೆಯಲ್ಲಿ ಅದು ಸಾಧ್ಯವಾದೀತು. ಅಲ್ಲೊಂದು ಇಲ್ಲೊಂದು ತೋಟವಿರುವ, ವರ್ಷದ ಅರ್ಧ ಕಾಲ ಮಳೆ ಹಿಡಿಯುವ ನಮ್ಮ ಕಡೆ ಸಾಧ್ಯವೆ? ಯಂತ್ರಕ್ಕೆ ಹತ್ತಾರು ಅಶ್ವಶಕ್ತಿಯ ವಿದ್ಯುತ್ತೂ ಬೇಕೆಂಬುದನ್ನು ಸೇರಿಸಿಕೊಳ್ಳಿ.

ಒಲೆಗೆ ಯಾವುದು, ಬಾಯಿಗೆ ಯಾವುದು?

ನಾವು ಮುಖ್ಯವಾಗಿ ಹೇಳಬೇಕಾದ ಮಾತು ಇದು. ಬೆಂಕಿಗೆ ಎಲ್ಲವೂ ಒಂದೇ; ದನಕ್ಕೆ ಹಾಗಲ್ಲ. ಶೇಂಗಾ ಸಿಪ್ಪೆ ಬರೀ ನಾರು, ಒಲೆಗೆ ಹೋಗಲಿ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಹೋಗಲಿ. ಆದರೆ ಶೇಂಗಾ ಬಳ್ಳಿಯ ಹೊಟ್ಟು ಮತ್ತು ಜೋಳದ ಸೊಪ್ಪೆ ಆ ಸೀಮೆಯ ದನಗಳ ಪ್ರಾಣ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದಾಗ ಬಣವೆಯ ಬೆಲೆ ಏನೆಂಬುದು ಎಲ್ಲರಿಗೂ ಅರಿವಾಯಿತು. ನಮ್ಮ ಹಂಡೆ ಕಾಯಿಸಲು ನಾವು ಹೆಚ್ಚು ಬೆಲೆ ಕೊಟ್ಟು ಮೇವನ್ನೇ ಎಳೆದುಕೊಂಡರೆ ಕೂಡ್ಲಿಗಿಯ ರೈತ ಎತ್ತು ಮಾರಬೇಕಾಗುತ್ತದೆ. ಅದು ಸಹಕಾರವಲ್ಲ.

ದನದ ಗುಳಿಗೆ ಆಹಾರ ಬೇರೆಯೇ ಯಂತ್ರದ್ದು. ಕರ್ನಾಟಕ ಹಾಲು ಮಹಾಮಂಡಲದ ಪಶು ಆಹಾರ ಘಟಕಗಳು ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನ, ಶಿಕಾರಿಪುರಗಳಲ್ಲಿವೆ. ಹಬೆ ಕೊಟ್ಟು ಒತ್ತಿದ ಗುಳಿಗೆಯಲ್ಲಿ ದನ ರುಚಿಯಾದುದನ್ನು ಆರಿಸಿ ತಿಂದು ಉಳಿದುದನ್ನು ಬಿಡುವಂತಿಲ್ಲ. ಪುಡಿ ಹಾರಿ ನಷ್ಟವಾಗುವುದೂ ಇಲ್ಲ. ಆದರೆ ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮೆಕ್ಕೆಜೋಳದಲ್ಲಿರುವ ಅಫ್ಲಾಟಾಕ್ಸಿನ್ ವಿಷ ಆ ಬಿಸಿಗೆ ನಾಶವಾಗುವುದಿಲ್ಲ. ಅದು ಹಾಲಿಗೂ ಇಳಿಯುತ್ತದೆ. ಕೆಟ್ಟದ್ದನ್ನು ಗುಳಿಗೆ ಮಾಡಿದರೆ ಕೆಟ್ಟ ಗುಳಿಗೆಯೇ ಆದೀತು.

ನಮ್ಮ ತೋಟದಲ್ಲೇ ಬಿದ್ದಿರುವ ಮೇವೊಂದಿದೆ: ಅಡಿಕೆ ಹಾಳೆ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಒಣ ಹಾಳೆಯನ್ನು ಸಣ್ಣಗೆ ಕತ್ತರಿಸಿ ಒಣಹುಲ್ಲಿನ ಬದಲು ಕೊಡಬಹುದೆಂದು ತೋರಿಸಿಕೊಟ್ಟಿದ್ದಾರೆ. ಬಿದ್ದ ಕೂಡಲೆ ಆರಿಸಿ, ಬೂಷ್ಟು ಹಿಡಿಯುವ ಮೊದಲೇ ಒಣಗಿಸಬೇಕು. ಬೋರ್ಡೋ ದ್ರಾವಣ ಹೊಡೆದ ದಿನಗಳ ಹಾಳೆ ಬೇಡ. ಅದರಲ್ಲಿ ತಾಮ್ರದ ಅಂಶವಿರುತ್ತದೆ, ಕುರಿಗಳಿಗಂತೂ ಅದು ಬಹುಬೇಗ ವಿಷವಾಗುತ್ತದೆ. ಕಾಫಿ ಸಿಪ್ಪೆ ದನಕ್ಕೆ ಅಷ್ಟಾಗಿ ಒಗ್ಗದು. ಪೊಟ್ಯಾಷ್ ಇರುವ ಅದು ಗೊಬ್ಬರದ ಗುಂಡಿಗೇ ಲೇಸು.

ನಾವು ಮಾಡಿದ ತಪ್ಪು

ಒಮ್ಮೆ ನಾವು ಸ್ವಂತಕ್ಕೆ ಒಂದು ಲೋಡು ಬ್ರಿಕೆಟ್ ತರಿಸಿ, ಸೌದೆಯಂತೆಯೇ ಎಂದು ಭಾವಿಸಿ ಚಾವಡಿಯ ನೆಲದ ಮೇಲೆ ಒಟ್ಟಿದೆವು. ಜೂನ್ ತಿಂಗಳ ಎರಚಲಿಗೆ ಅರ್ಧಕ್ಕರ್ಧ ಉಬ್ಬಿ ಮತ್ತೆ ಹೊಟ್ಟಾಯಿತು. ಉಳಿದುದು ಒಲೆಯಲ್ಲಿ ಹೊಗೆಯಾಡಿತೇ ಹೊರತು ಉರಿಯಲಿಲ್ಲ. ಮಾರಿದವರನ್ನು ಬೈದೆವು, ತಪ್ಪು ನಮ್ಮದಾಗಿತ್ತು. ಬ್ರಿಕೆಟ್ಟಿಗೆ ಕೆಳಗಿನಿಂದ ಗಾಳಿ ಬೇಕು. ಒಲೆಗೆ ಕಬ್ಬಿಣದ ಜಾಲರಿ ಕೂರಿಸಿ, ಕೊರಡುಗಳನ್ನು ಮುರಿದು ಹಾಕಿದ ಮೇಲೆ ಉರಿ ಚೆನ್ನಾಗಿ ಹಿಡಿಯಿತು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಸಂಘ ಈಗ ಯಂತ್ರ ಕೊಳ್ಳುವುದು ಬೇಡ. ಬೇಕಾದ ಸದಸ್ಯರೆಲ್ಲ ಸೇರಿ, ಶೇಂಗಾ ಸಿಪ್ಪೆಯ ಬ್ರಿಕೆಟ್ಟನ್ನು ಬೇಸಿಗೆಯಲ್ಲೇ ಒಟ್ಟಾಗಿ ತರಿಸಿ, ಮೇ ತಿಂಗಳೊಳಗೆ ಗೋದಾಮಿನಲ್ಲಿ ಹಲಗೆಯ ಮೇಲೆ ಒಟ್ಟೋಣ. ತೂಕ ನೋಡಿಯೇ ಹಣ ಕೊಡೋಣ. ಒಂದು ಕೊರಡನ್ನು ಮುರಿದು ಒಣತನ ನೋಡೋಣ. ಹಾಳೆ ಕತ್ತರಿಸುವ ಸಣ್ಣ ಯಂತ್ರವೊಂದನ್ನು ಮಾತ್ರ ಸಂಘದಿಂದ ಕೊಂಡು ಸರದಿಯಂತೆ ಬಳಸೋಣ. ತಮಗೆ ಬೇರೆ ಅಭಿಪ್ರಾಯವಿದ್ದರೆ ಮುಂದಿನ ಸಭೆಯಲ್ಲಿ ಲೆಕ್ಕದ ಸಮೇತ ಹೇಳಬೇಕು. ಮನ ಬದಲಿಸಿಕೊಳ್ಳಲು ನಾವು ಸಿದ್ಧ. ಸದಸ್ಯರ ಹಣವನ್ನು ಹೊಟ್ಟಿನಂತೆ ಹಾರಲು ಬಿಡಲು ಮಾತ್ರ ಸಿದ್ಧರಿಲ್ಲ.