ಹರಾಜಿನ ಬೆಲೆ ಆಟಗಾರನ ಸಾಲವಲ್ಲ

2021ರ ಫೆಬ್ರುವರಿಯಲ್ಲಿ ಚೆನ್ನೈನಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಕರ್ನಾಟಕದ ಆಫ್‌ಸ್ಪಿನ್ನರ್ ಕೃಷ್ಣಪ್ಪ ಗೌತಮ್ ಅವರನ್ನು ಚೆನ್ನೈ ಸೂಪರ್ ಕಿಂಗ್ಸ್ ತಂಡ 9.25 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಅವರ ಮೂಲಬೆಲೆ 20 ಲಕ್ಷ. ಭಾರತ ತಂಡಕ್ಕೆ ಇನ್ನೂ ಆಡದಿದ್ದ ಭಾರತೀಯ ಆಟಗಾರನೊಬ್ಬನಿಗೆ ಅದುವರೆಗೆ ಅಷ್ಟು ದೊಡ್ಡ ಮೊತ್ತ ಸಂದಿರಲಿಲ್ಲ. ಆ ವರ್ಷ ಚೆನ್ನೈ ತಂಡ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಗೌತಮ್ ಅವರಿಗೆ ಇಡೀ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ. ಮರುವರ್ಷದ ಹರಾಜಿನಲ್ಲಿ ಲಖನೌ ತಂಡ ಅವರನ್ನು 90 ಲಕ್ಷಕ್ಕೆ ಪಡೆಯಿತು. ಒಂದೇ ವರ್ಷದ ಅಂತರದಲ್ಲಿ ಅವರ ಬೆಲೆ ಹತ್ತನೆಯ ಒಂದು ಭಾಗಕ್ಕೆ ಇಳಿದಿತ್ತು. ಈ ನಡುವೆ, 2021ರ ಜುಲೈನಲ್ಲಿ, ಅವರು ಶ್ರೀಲಂಕಾದಲ್ಲಿ ಭಾರತದ ಪರವಾಗಿ ಏಕದಿನ ಪಂದ್ಯವನ್ನು ಆಡಿದ್ದರೆಂಬುದು ನೆನಪಿಡಬೇಕಾದ ಸಂಗತಿ. ಕುಸಿದದ್ದು ಕೌಶಲವಲ್ಲ, ಕೊಳ್ಳುವವರ ಅಂದಾಜು.

ಹೆಚ್ಚಿನ ಬೆಲೆಗೆ ಅಥವಾ ಮೊದಲ ಸರದಿಯಲ್ಲಿ ಆಯ್ಕೆಯಾದ ಹೊಸ ಆಟಗಾರರು ತಮ್ಮ ಮೇಲಿನ ನಿರೀಕ್ಷೆಯನ್ನು ಈಡೇರಿಸುತ್ತಾರೆಯೇ ಎಂಬ ಪ್ರಶ್ನೆ ಈಗ ಮಹಾನಗರಗಳ ಕ್ರೀಡಾಭಿಮಾನಿಗಳಿಗೆ ಮಾತ್ರ ಸೇರಿದ್ದಲ್ಲ. ನಿವೃತ್ತಿಯ ನಂತರ ನಾನು ನೆಲೆಸಿರುವ ರಾಮಕುಂಜದಂತಹ ಊರಿಗೂ ಅದು ಬಂದು ತಲುಪಿದೆ. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿರುವ ಈ ಭಾಗದಲ್ಲಿ ಮಳೆ ನಿಂತೊಡನೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳು ಆರಂಭವಾಗುತ್ತವೆ. ಮೊದಲು ಅಲ್ಲಿ ಗೆದ್ದ ತಂಡಕ್ಕೆ ಒಂದು ಟ್ರೋಫಿ, ಊರಿನಲ್ಲಿ ನಾಲ್ಕು ದಿನದ ಹೆಸರು ಸಿಗುತ್ತಿತ್ತು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಆಟದ ಅಂಗಳದ ಅಂಚಿನಲ್ಲಿ ನಿಂತವರ ಮಾತಿನಲ್ಲಿ ರೂಪಾಯಿಯ ಲೆಕ್ಕವೂ ಸೇರಿಕೊಂಡಿದೆ. ಒಬ್ಬ ಹುಡುಗ ಚೆನ್ನಾಗಿ ರೈಡ್ ಮಾಡಿದರೆ ‘ಇವನಿಗೆ ಎಷ್ಟು ಲಕ್ಷ ಬರಬಹುದು’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹದಿನೇಳರ ಹುಡುಗ ಪದವಿಪೂರ್ವ ತರಗತಿಯನ್ನು ಮುಗಿಸಬೇಕೆ, ತರಬೇತಿಗೆಂದು ಊರು ಬಿಡಬೇಕೆ ಎಂಬ ತೀರ್ಮಾನವನ್ನು ಮನೆಯವರು ಈ ಪ್ರಶ್ನೆಯ ನೆರಳಿನಲ್ಲಿಯೇ ಕೈಗೊಳ್ಳಬೇಕಾಗುತ್ತದೆ. ಆದ್ದರಿಂದ ಆ ಬೆಲೆ ನಿಜವಾಗಿ ಏನನ್ನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ಈ ವಿಚಾರದಲ್ಲಿ ಹೆಚ್ಚು ಹಳೆಯ ದಾಖಲೆಯಿರುವುದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ. ಅಲ್ಲಿ ಹೊಸಬರನ್ನು ಹರಾಜು ಹಾಕುವುದಿಲ್ಲ; ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ಋತುವಿನಲ್ಲಿ ಸೋತ ತಂಡಗಳಿಗೆ ಮೊದಲ ಸರದಿಗಳು ದೊರೆಯುವ ಸಾಧ್ಯತೆ ಹೆಚ್ಚು. 2003ರಲ್ಲಿ ಮೊದಲಿಗರಾಗಿ ಆಯ್ಕೆಯಾದ ಲೆಬ್ರಾನ್ ಜೇಮ್ಸ್ ನಿರೀಕ್ಷೆಯನ್ನೂ ಮೀರಿ ಬೆಳೆದರು. 2023ರ ಮೊದಲ ಆಯ್ಕೆಯಾದ ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮ ವರ್ಷದ ಶ್ರೇಷ್ಠ ಹೊಸ ಆಟಗಾರನೆಂದು ಸರ್ವಾನುಮತದಿಂದ ಗೌರವಿಸಲ್ಪಟ್ಟರು. ಆದರೆ 2013ರ ಮೊದಲ ಆಯ್ಕೆಯಾದ ಆಂಥನಿ ಬೆನೆಟ್ ನಾಲ್ಕು ಋತುಗಳಲ್ಲಿ ನಾಲ್ಕು ತಂಡಗಳನ್ನು ಕಂಡು ಲೀಗ್‌ನಿಂದ ಹೊರಬಿದ್ದರು. ಅದೇ ವರ್ಷ 15ನೆಯವರಾಗಿ ಆಯ್ಕೆಯಾದ ಗ್ರೀಸಿನ ಯಾನಿಸ್ ಆಂಟೆಟೊಕುಂಪೊ 2019 ಮತ್ತು 2020ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಅದೇ ಗೌರವವನ್ನು ಮೂರು ಬಾರಿ ಪಡೆದ ಸರ್ಬಿಯಾದ ನಿಕೊಲಾ ಯೊಕಿಚ್ 2014ರಲ್ಲಿ ಆಯ್ಕೆಯಾದದ್ದು 41ನೆಯವರಾಗಿ.

ಇಂತಹ ಒಂದೆರಡು ಉದಾಹರಣೆಗಳನ್ನು ಹಿಡಿದು ಆಯ್ಕೆಗಾರರಿಗೆ ಏನೂ ತಿಳಿಯದು ಎಂದು ನಿರ್ಣಯಿಸುವುದು ತಪ್ಪಾಗುತ್ತದೆ. ಸರಾಸರಿಯಲ್ಲಿ ನೋಡಿದರೆ ಮೊದಲು ಆಯ್ಕೆಯಾದವರು ಕೊನೆಯಲ್ಲಿ ಆಯ್ಕೆಯಾದವರಿಗಿಂತ ಉತ್ತಮವಾಗಿಯೇ ಆಡುತ್ತಾರೆ. ಆದರೆ ಅವರ ಮೇಲೆ ಇಟ್ಟ ನಿರೀಕ್ಷೆ ಈ ಸರಾಸರಿಗಿಂತಲೂ ಎತ್ತರದಲ್ಲಿರುತ್ತದೆ. ಶ್ರೇಣಿ ಬಹುಮಟ್ಟಿಗೆ ಸರಿ, ಬೆಲೆ ಅತಿಶಯ ಎಂದು ಇದನ್ನು ಸಂಗ್ರಹಿಸಬಹುದು. ಹೀಗೇಕಾಗುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರ ಕೊಡುವ ಕಾರಣಗಳು ನಮ್ಮ ಅಡಕೆ ತೋಟಗಳಲ್ಲಿ ನಿಂತರೂ ಅರ್ಥವಾಗುವಂಥವು.

ಮರದ ಮೇಲಿರುವ ಫಸಲನ್ನು ಮುಂಗಡವಾಗಿ ಗುತ್ತಿಗೆಗೆ ಕೊಡುವ ಪದ್ಧತಿಯನ್ನು ಗಮನಿಸಿ. ಹತ್ತು ಮಂದಿ ವ್ಯಾಪಾರಿಗಳು ತೋಟ ಸುತ್ತಿ, ಗೊನೆಗಳನ್ನು ನೋಡಿ ಇಷ್ಟು ಕ್ವಿಂಟಲ್ ಬರಬಹುದೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾರೆ. ಕೆಲವರ ಅಂದಾಜು ಕಡಿಮೆ, ಕೆಲವರದು ಹೆಚ್ಚು. ನಿಜ ಎಲ್ಲೋ ನಡುವೆ ಇರುತ್ತದೆ. ಆದರೆ ಗುತ್ತಿಗೆ ಸಿಗುವುದು ನಡುವಿನವನಿಗಲ್ಲ, ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನಿಗೆ. ಅವನು ಮೂರ್ಖನಾಗಿರಬೇಕಾಗಿಲ್ಲ. ಹರಾಜಿನ ವ್ಯವಸ್ಥೆಯೇ ಅತಿ ಆಶಾವಾದಿಯನ್ನು ಹುಡುಕಿ ಅವನ ಕೈಗೆ ಸರಕನ್ನು ಕೊಡುತ್ತದೆ. 1971ರಲ್ಲಿ ಅಮೆರಿಕದ ತೈಲ ಕಂಪೆನಿಯೊಂದರ ಮೂವರು ಎಂಜಿನಿಯರುಗಳು ಸಮುದ್ರತಳದ ತೈಲಕ್ಷೇತ್ರಗಳ ಹರಾಜಿನಲ್ಲಿ ಇದೇ ಸಂಗತಿಯನ್ನು ಗುರುತಿಸಿದರು. ಅರ್ಥಶಾಸ್ತ್ರಜ್ಞರು ಇದನ್ನು ‘ಗೆದ್ದವನ ಶಾಪ’ ಎನ್ನುತ್ತಾರೆ. 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಅವರು ಕೇಡ್ ಮ್ಯಾಸಿ ಅವರೊಡನೆ ಅಮೆರಿಕನ್ ಫುಟ್‌ಬಾಲ್‌ನ ಡ್ರಾಫ್ಟ್ ಕುರಿತು ನಡೆಸಿದ ಅಧ್ಯಯನವೂ ಮೊದಲ ಸರದಿಗಳಿಗೆ ತಂಡಗಳು ಅವುಗಳ ನಿಜ ಮೌಲ್ಯಕ್ಕಿಂತ ಹೆಚ್ಚು ತೆರುತ್ತವೆಂಬುದನ್ನು ತೋರಿಸಿತು. ಹರಾಜಾದ ಆಟಗಾರ ಬೆಲೆಗೆ ತಕ್ಕಂತೆ ಆಡಲಿಲ್ಲವೆಂದು ನಾವು ದೂರುವಾಗ, ವಾಸ್ತವವಾಗಿ ದೂರಬೇಕಾದದ್ದು ಕೂಗಿದವನ ಅಂದಾಜನ್ನು.

ಎರಡನೆಯ ಕಾರಣ ಸರಾಸರಿಯತ್ತ ಮರಳುವಿಕೆ. ಅತಿ ಎತ್ತರದ ತಂದೆತಾಯಿಯರ ಮಕ್ಕಳು ಎತ್ತರವಾಗಿಯೇ ಇದ್ದರೂ ಸಾಮಾನ್ಯವಾಗಿ ಅವರಷ್ಟು ಎತ್ತರವಿರುವುದಿಲ್ಲವೆಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿದರು. ಆಟದಲ್ಲಿಯೂ ಹಾಗೆಯೇ. ಅತ್ಯುತ್ತಮವಾದ ಒಂದು ಋತುವಿನಲ್ಲಿ ಕೌಶಲದ ಜೊತೆಗೆ ಅದೃಷ್ಟದ ಪಾಲೂ ಇರುತ್ತದೆ. ಹರಾಜು ಎರಡಕ್ಕೂ ಸೇರಿಸಿ ಬೆಲೆ ಕಟ್ಟುತ್ತದೆ. ಮುಂದಿನ ವರ್ಷಕ್ಕೆ ಉಳಿಯುವುದು ಕೌಶಲ ಮಾತ್ರ. ಬೆಂಗಳೂರಿನಲ್ಲಿ ಆಡಿ ಬೆಳೆದ ದೇವದತ್ತ ಪಡಿಕ್ಕಲ್ ಅವರನ್ನು ಆರ್‌ಸಿಬಿ ಪಡೆದದ್ದು 20 ಲಕ್ಷದ ಮೂಲಬೆಲೆಗೆ. ಅವರು ತಮ್ಮ ಮೊದಲ ಐಪಿಎಲ್ ಪಂದ್ಯಗಳನ್ನಾಡಿದ 2020ರ ಋತುವಿನಲ್ಲಿಯೇ 473 ರನ್ ಗಳಿಸಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. 2022ರಲ್ಲಿ ರಾಜಸ್ಥಾನ ತಂಡ ಅವರಿಗೆ 7.75 ಕೋಟಿ ಕೊಟ್ಟಿತು. ಆ ಋತುವಿನಲ್ಲಿ 17 ಪಂದ್ಯಗಳಿಂದ ಬಂದದ್ದು 376 ರನ್. 2024ರ ನವೆಂಬರ್ ಹರಾಜಿನಲ್ಲಿ ಅವರ ಹೆಸರು ಮೊದಲು ಬಂದಾಗ ಯಾರೂ ಕೂಗಲಿಲ್ಲ. ಕೊನೆಗೆ ಆರ್‌ಸಿಬಿಯೇ 2 ಕೋಟಿಗೆ ಅವರನ್ನು ಮರಳಿ ಪಡೆಯಿತು. ಇದೇ ವರ್ಷದ ಮಾರ್ಚ್‌ನಲ್ಲಿ ಅವರು ಧರ್ಮಶಾಲೆಯಲ್ಲಿ ತಮ್ಮ ಚೊಚ್ಚಲ ಟೆಸ್ಟ್ ಇನಿಂಗ್ಸ್‌ನಲ್ಲಿ 65 ರನ್ ಹೊಡೆದಿದ್ದರು ಎಂಬುದು ಬೆಲೆಯ ಪಟ್ಟಿಯಲ್ಲಿ ಕಾಣುವುದಿಲ್ಲ.

ಮೂರನೆಯ ಕಾರಣ ಹೆಚ್ಚು ಸೂಕ್ಷ್ಮವಾದದ್ದು, ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದದ್ದು ಕೂಡ. ಬ್ಯಾರಿ ಸ್ಟಾ ಮತ್ತು ಹಾ ಹೋಂಗ್ ಎಂಬ ವಿದ್ವಾಂಸರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎನ್‌ಬಿಎ ಆಟಗಾರರ ಡ್ರಾಫ್ಟ್ ಸಂಖ್ಯೆಗೂ ಅವರಿಗೆ ಸಿಕ್ಕ ಆಟದ ಸಮಯಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿದರು. ಒಂದೇ ಮಟ್ಟದಲ್ಲಿ ಆಡುತ್ತಿದ್ದ ಇಬ್ಬರ ಪೈಕಿ ಮೊದಲು ಆಯ್ಕೆಯಾದವನಿಗೆ ವರ್ಷಗಳ ನಂತರವೂ ಹೆಚ್ಚು ನಿಮಿಷಗಳು ಸಿಗುತ್ತಿದ್ದವು. ಅವನು ಲೀಗ್‌ನಲ್ಲಿ ಹೆಚ್ಚು ಕಾಲ ಉಳಿಯುತ್ತಿದ್ದ. ಹೂಡಿದ ಬಂಡವಾಳ ವ್ಯರ್ಥವಾಯಿತೆಂದು ಒಪ್ಪಿಕೊಳ್ಳಲು ತಂಡಗಳಿಗೆ ಮನಸ್ಸು ಬರುವುದಿಲ್ಲ. 1999ರಲ್ಲಿ ಕಾಲಿನ್ ಕ್ಯಾಮರರ್ ಮತ್ತು ರಾಬರ್ಟೊ ವೆಬರ್ ಇದನ್ನು ಮರುಪರಿಶೀಲಿಸಿದಾಗ ಪರಿಣಾಮದ ಪ್ರಮಾಣ ತಗ್ಗಿತಾದರೂ ಅಳಿಯಲಿಲ್ಲ.

ಆಡಳಿತ ಸೇವೆಯಲ್ಲಿದ್ದವರಿಗೆ ಇದು ಅಪರಿಚಿತ ವಿಷಯವಲ್ಲ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ಪಡೆದ ಕ್ರಮಾಂಕ ಜ್ಯೇಷ್ಠತಾ ಪಟ್ಟಿಯ ಮೂಲಕ ನಿವೃತ್ತಿಯವರೆಗೂ ನಮ್ಮನ್ನು ಹಿಂಬಾಲಿಸುತ್ತದೆ. ಮೂರು ದಶಕಗಳ ಕೆಲಸ ಹೇಗೇ ಇರಲಿ, ಎರಡು ಅಂಕಗಳ ಹಿಂದುಮುಂದು ಬಡ್ತಿಯ ಸಾಲಿನಲ್ಲಿ ಉಳಿದುಬಿಡುತ್ತದೆ. ಮೊದಲ ದಿನದ ಸಂಖ್ಯೆ ಮುಂದಿನ ಅವಕಾಶವನ್ನು ನಿರ್ಧರಿಸುತ್ತದೆ, ಆ ಅವಕಾಶವೇ ಮೊದಲ ದಿನದ ಸಂಖ್ಯೆ ಸರಿಯಾಗಿತ್ತೆಂಬುದಕ್ಕೆ ಪುರಾವೆಯಾಗಿ ಕಾಣುತ್ತದೆ.

ಇಲ್ಲಿ ಐಪಿಎಲ್ ಇನ್ನೂ ನಿರ್ದಯ. ಎನ್‌ಬಿಎಯಲ್ಲಿ ದುಬಾರಿ ಹೊಸಬನಿಗೆ ಆಡಲು ಸಮಯವಾದರೂ ಸಿಗುತ್ತದೆ. ಎರಡು ತಿಂಗಳಲ್ಲಿ ಮುಗಿಯುವ ಐಪಿಎಲ್‌ನಲ್ಲಿ ಅದಕ್ಕೂ ಭರವಸೆಯಿಲ್ಲ. ಕೊಡಗು ಮೂಲದ ಲೆಗ್‌ಸ್ಪಿನ್ನರ್ ಕೆ.ಸಿ. ಕಾರ್ಯಪ್ಪ ಅವರನ್ನು 2015ರಲ್ಲಿ ಕೋಲ್ಕತ್ತ ತಂಡ 2.4 ಕೋಟಿಗೆ ಕೊಂಡಿತು. ಮೂಲಬೆಲೆ 10 ಲಕ್ಷ, ಆಗ ಅವರು ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಆ ಋತುವಿನಲ್ಲಿ ಅವರಿಗೆ ಸಿಕ್ಕದ್ದು ಒಂದೇ ಪಂದ್ಯ. ಅದರಲ್ಲಿ ಎಬಿ ಡಿವಿಲಿಯರ್ಸ್ ಅವರ ವಿಕೆಟ್ ಪಡೆದರೂ ಮರುವರ್ಷ ಅವರು ಬೇರೆ ತಂಡಕ್ಕೆ 80 ಲಕ್ಷಕ್ಕೆ ಹೋದರು. ಒಂದು ಪಂದ್ಯದಿಂದ ಒಬ್ಬ ಬೌಲರ್‌ನನ್ನು ಅಳೆಯಲು ಸಾಧ್ಯವೇ?

ಬೀದರ್‌ನಲ್ಲಿ ಜನಿಸಿ ತಮಿಳುನಾಡಿನ ಪರ ಆಡುವ ವರುಣ್ ಚಕ್ರವರ್ತಿ ಅವರ ಕಥೆ ಇದಕ್ಕೆ ಉತ್ತರದಂತಿದೆ. 2019ರ ಋತುವಿಗೆ ಪಂಜಾಬ್ ತಂಡ ಅವರಿಗೆ 8.4 ಕೋಟಿ ಕೊಟ್ಟಿತು. ತಮ್ಮ ಮೊದಲ ಓವರ್‌ನಲ್ಲಿಯೇ 25 ರನ್ ಕೊಟ್ಟು, ಗಾಯಗೊಂಡು, ಒಂದೇ ಪಂದ್ಯದ ನಂತರ ಅವರು ಹೊರಗುಳಿದರು. ಆ ವರ್ಷಕ್ಕೆ ಲೆಕ್ಕ ಮುಗಿಸಿದ್ದರೆ ಅವರ ಹೆಸರು ವಿಫಲ ಆಯ್ಕೆಗಳ ಪಟ್ಟಿಯಲ್ಲಿ ಖಾಯಂ ಆಗಿ ಇರುತ್ತಿತ್ತು. ಕೋಲ್ಕತ್ತ ತಂಡ 4 ಕೋಟಿಗೆ ಮತ್ತೊಮ್ಮೆ ನಂಬಿತು. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ ಗೆದ್ದಾಗ ಅವರು ಆಡಿದ್ದು ಮೂರು ಪಂದ್ಯ, ಪಡೆದದ್ದು 9 ವಿಕೆಟ್. ನಡುವೆ ಬದಲಾದದ್ದು ಬಹಳವಿರಬಹುದು, ಆದರೆ ಎರಡನೆಯ ಅವಕಾಶವಿಲ್ಲದೆ ಅದಾವುದೂ ಕಾಣಿಸುತ್ತಿರಲಿಲ್ಲ.

ನಮ್ಮ ಸೀಮೆಯ ಕಬಡ್ಡಿಗೆ ಬರೋಣ. ಪವನ್ ಸೆಹ್ರಾವತ್ ಗುಜರಾತ್ ತಂಡದಲ್ಲಿ ಹೆಚ್ಚಾಗಿ ಮೀಸಲು ಆಟಗಾರರಾಗಿದ್ದವರು. 2018–19ರಲ್ಲಿ ಬೆಂಗಳೂರು ಬುಲ್ಸ್ ಅವಕಾಶ ಕೊಟ್ಟಾಗ 270ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿ ತಂಡಕ್ಕೆ ಪ್ರಶಸ್ತಿ ತಂದರು. 2022ರಲ್ಲಿ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟು ಬಿದ್ದು ಋತು ಮುಗಿಯಿತು. ಮಳೆಗಾಲದ ಕೊಳೆರೋಗ ಹೇಗೆ ಅಡಕೆಯ ಅಂದಾಜನ್ನು ಒಂದೇ ವಾರದಲ್ಲಿ ತಲೆಕೆಳಗು ಮಾಡುತ್ತದೆಯೋ ಗಾಯವೂ ಹಾಗೆಯೇ. 2023ರಲ್ಲಿ ತೆಲುಗು ಟೈಟನ್ಸ್ 2.605 ಕೋಟಿ ತೆತ್ತಿತು. ಪವನ್ ಇನ್ನೂರಕ್ಕೂ ಹೆಚ್ಚು ಅಂಕ ಗಳಿಸಿದರೂ ತಂಡ ಕೊನೆಯ ಸ್ಥಾನಕ್ಕಿಳಿಯಿತು. ಏಳು ಮಂದಿಯ ಆಟದಲ್ಲಿ ಒಬ್ಬನ ಬೆಲೆ ಉಳಿದ ಆರು ಮಂದಿಯ ಕೊರತೆಯನ್ನು ತುಂಬಲಾರದು. ಅದೇ ಹರಾಜಿನಲ್ಲಿ ಕೊನೆಯ ವರ್ಗದ ಮೂಲಬೆಲೆ 9 ಲಕ್ಷವಿತ್ತು, ಅಂದರೆ ಸುಮಾರು 29 ಪಟ್ಟು ಅಂತರ.

ಇದಕ್ಕೆ ಪ್ರತಿಯಾಗಿ ಪುತ್ತೂರಿನವರೇ ಆದ ಪ್ರಶಾಂತ್ ಕುಮಾರ್ ರೈ ಅವರನ್ನು ನೆನೆಯಬೇಕು. 2018ರಲ್ಲಿ ಯು.ಪಿ. ಯೋಧಾ ತಂಡ ಅವರಿಗೆ 79 ಲಕ್ಷ ಕೊಟ್ಟಾಗ ಇಲ್ಲಿನವರಿಗೆ ಸಂಭ್ರಮವಾದದ್ದು ಸಹಜ. ಆದರೆ ಕೋಟಿಯ ಗೆರೆ ದಾಟಿದವರು ಆ ವರ್ಷ ಹಲವರಿದ್ದರು. ದೇಶದ ಗಮನ ಅವರ ಮೇಲಿತ್ತು. ನಾಲ್ಕು ವರ್ಷಗಳ ನಂತರ, 2022ರ ಫೆಬ್ರುವರಿಯಲ್ಲಿ, ಪ್ರಶಾಂತ್ ರೈ ಪಟ್ನಾ ಪೈರೇಟ್ಸ್ ತಂಡದ ನಾಯಕರಾಗಿ ಫೈನಲ್‌ಗೆ ಬಂದಿದ್ದರು. ದಬಾಂಗ್ ದೆಹಲಿಯೆದುರು ಒಂದೇ ಒಂದು ಅಂಕದಿಂದ, 36–37ರಿಂದ, ಪ್ರಶಸ್ತಿ ಕೈತಪ್ಪಿತು. ಆಟದ ಬಾಳ್ವೆಯನ್ನು ಅಳೆಯಬೇಕಾದದ್ದು ಇಂತಹ ದೀರ್ಘ ಅವಧಿಯಲ್ಲಿ.

ಹಾಗಾದರೆ ಮಾಡಬೇಕಾದದ್ದೇನು? ಹರಾಜನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಕೃಷಿಕನ ಮಗನಿಗೆ ಒಂದು ಋತುವಿನಲ್ಲಿ 9 ಲಕ್ಷ ಸಿಗುವುದು ಸಣ್ಣ ಮಾತಲ್ಲ. ಆದರೆ ಹರಾಜಿಗೆ ಮೊದಲು ನಮ್ಮ ಆಟಗಾರರಿಗೆ ಇನ್ನೊಂದು ಆಸರೆಯಿತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಬ್ಯಾಸ್ಕೆಟ್‌ಬಾಲ್ ಮತ್ತು ಕಬಡ್ಡಿ ತಂಡಗಳನ್ನು ಸಾಕಿತ್ತು; ರೈಲ್ವೆ ಮತ್ತು ಇತರ ಸಾರ್ವಜನಿಕ ಸಂಸ್ಥೆಗಳೂ ಅಷ್ಟೆ. ಸಂಬಳ ಸಾಧಾರಣ, ಆದರೆ ಮೊಣಕಾಲು ಮುರಿದರೂ ಕೌಂಟರಿನ ಹಿಂದೆ ಒಂದು ಕುರ್ಚಿ ಉಳಿಯುತ್ತಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಹಳೆಯ ಪದ್ಧತಿ ಯಾರನ್ನೂ ಕೋಟ್ಯಧಿಪತಿಯನ್ನಾಗಿ ಮಾಡಲಿಲ್ಲ, ಆದರೆ ನಿರೀಕ್ಷೆಯ ಹೊರೆಯನ್ನು ಹುಡುಗನೊಬ್ಬನ ಹೆಗಲ ಮೇಲೆ ಮಾತ್ರ ಹೊರಿಸಲೂ ಇಲ್ಲ.

ಲೀಗ್‌ಗಳು ಹೊಸಬರೊಡನೆ ಒಂದು ಋತುವಿಗೆ ಬದಲಾಗಿ ಎರಡು–ಮೂರು ಋತುಗಳ ಒಪ್ಪಂದವನ್ನು ಮಾಡಿಕೊಳ್ಳುವುದು, ಗಾಯಗೊಂಡವರ ಚಿಕಿತ್ಸೆ ಮತ್ತು ವೇತನದ ಹೊಣೆಯನ್ನು ಒಪ್ಪಂದ ಮುಗಿಯುವವರೆಗೂ ಹೊರುವುದು, ರಾಜ್ಯ ಸರ್ಕಾರ ಕ್ರೀಡಾ ವಸತಿನಿಲಯಗಳ ಮಕ್ಕಳ ಪದವಿಯವರೆಗಿನ ಓದನ್ನು ಖಚಿತಪಡಿಸುವುದು ಇವು ಅಸಾಧ್ಯವಾದ ಸುಧಾರಣೆಗಳಲ್ಲ. ಹರಾಜಿನಲ್ಲಿ ತಿರುಗಾಡುವ ಹಣದ ಮುಂದೆ ಇವುಗಳ ವೆಚ್ಚ ಅಲ್ಪ.

ಸರ್ಕಾರಕ್ಕೂ ಲೀಗ್‌ಗಳಿಗೂ ಕಾಯದೆ ಇಂದೇ ಮಾಡಬಹುದಾದ ಒಂದು ಕೆಲಸ ಮನೆಯವರದ್ದು. ಮಗನಿಗೆ ಬಂದ ಬೆಲೆಯನ್ನು ಅವನ ಯೋಗ್ಯತೆಯೆಂದೂ, ಬಾರದ ಬೆಲೆಯನ್ನು ಅವನ ಅಯೋಗ್ಯತೆಯೆಂದೂ ಓದಬಾರದು. ಆ ಸಂಖ್ಯೆ ಯಾರೋ ಅಪರಿಚಿತರು ಯಾವುದೋ ಮಧ್ಯಾಹ್ನ ತಮ್ಮ ಲಾಭನಷ್ಟದ ಲೆಕ್ಕದಲ್ಲಿ ಕೂಗಿದ ಅಂದಾಜು. ಅದು ತಪ್ಪಿದರೆ ನಷ್ಟ ಅವರದಾಗಲಿ. ಇಪ್ಪತ್ತು ವರ್ಷದ ಹುಡುಗ ಅದನ್ನು ತನ್ನ ಸಾಲವೆಂದು ಭಾವಿಸಿ ಜೀವನವಿಡೀ ತೀರಿಸಬೇಕಾಗಿಲ್ಲ.