ಮಗಳ ಕಾಲೇಜಿಗೆ ಸರ ಅಡವಿಡುವ ಮೊದಲು

ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿಯುವ ಮೊದಲು ಅಡಕೆಗೆ ಮದ್ದು ಬಿಡಬೇಕೆಂದು ಮೈಲುತುತ್ತು, ಸುಣ್ಣ ತಂದಿರಿಸಿ ಆಳುಗಳ ದಾರಿ ಕಾಯುತ್ತಿದ್ದೆವು. ಆಗ ನೆರೆಯ ಕೃಷಿಕರೊಬ್ಬರು ಕೈಯಲ್ಲೊಂದು ಬಣ್ಣದ ಕಾಗದ ಹಿಡಿದುಕೊಂಡು ಅಂಗಳಕ್ಕೆ ಬಂದರು. ವಯಸ್ಸಿನಲ್ಲಿ ನಮಗಿಂತ ಹಿರಿಯರು. ಒಂದೂವರೆ ಎಕ್ರೆ ಅಡಕೆ ತೋಟ, ಅದರೊಳಗೆ ನಾಲ್ಕಾರು ಒಳ್ಳೆಮೆಣಸಿನ ಬಳ್ಳಿ, ಇಷ್ಟೇ ಅವರ ಆಸ್ತಿ. ಅವರ ಮಗಳು ನಮ್ಮಲ್ಲೇ ಕನ್ನಡದಲ್ಲಿ ಓದಿದವಳು. ಪ್ಲಸ್ ಟುವಿನಲ್ಲಿ ತುಂಬ ಚೆನ್ನಾಗಿ ತೇರ್ಗಡೆಯಾಗಿದ್ದಳು.

"ಮಾಸ್ಟ್ರೇ, ಮಗಳಿಗೆ ಗಡಿಯಾಚೆ ಒಂದು ಕಾಲೇಜಿನಲ್ಲಿ ಸೀಟು ಉಂಟಂತೆ. ಈ ವಾರದೊಳಗೆ ಐವತ್ತು ಸಾವಿರ ಕಟ್ಟಬೇಕಂತೆ. ಇವಳ ಸರ ಅಡವು ಇಡುವುದು ಅಂತ ಮಾಡಿದ್ದೇನೆ. ಬ್ಯಾಂಕಿಗೆ ನೀವೊಮ್ಮೆ ಜತೆಗೆ ಬರಬೇಕಿತ್ತು" ಎಂದರು.

ಕಾಗದವನ್ನು ಓದಿ ನೋಡಿದೆವು. ಕಟ್ಟಡದ ಚಿತ್ರವಿತ್ತು, ನಗುವ ಮಕ್ಕಳ ಚಿತ್ರವಿತ್ತು, ಮೊದಲ ವರ್ಷದ ಫೀಸಿನ ಮೊತ್ತವೂ ಇತ್ತು. ಎರಡನೆಯ ವರ್ಷಕ್ಕೆ ಎಷ್ಟು, ಹಾಸ್ಟೆಲಿಗೆ ಎಷ್ಟು, ಬಿಟ್ಟು ಬಂದರೆ ಕಟ್ಟಿದ ಹಣ ಮರಳಿ ಸಿಕ್ಕುವುದೇ ಎಂಬ ಮಾತು ಎಲ್ಲಿಯೂ ಇರಲಿಲ್ಲ. "ಅಣ್ಣಾ, ಸರ ಇನ್ನೆರಡು ದಿನ ಪೆಟ್ಟಿಗೆಯಲ್ಲೇ ಇರಲಿ. ಮೊದಲು ಲೆಕ್ಕ ಬರೆಯೋಣ" ಎಂದು ಜಗಲಿಯಲ್ಲಿ ಕೂರಿಸಿದೆವು. ಆ ಸಂಜೆಯ ಲೆಕ್ಕವನ್ನೇ ಇಲ್ಲಿ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ. ಕೃಷಿಯ ಪುಟದಲ್ಲಿ ಕಾಲೇಜಿನ ಮಾತೇಕೆ ಎಂದು ಕೇಳುವವರಿದ್ದರೆ, ತೋಟದ ಆದಾಯ ಈಗ ಎಲ್ಲಿಗೆ ಹೋಗುತ್ತದೆಂದು ಅವರವರ ಮನೆಯಲ್ಲೇ ವಿಚಾರಿಸಿಕೊಳ್ಳಬಹುದು.

ಅಡಕೆ ಸಸಿಯ ಕ್ರಯವೊಂದನ್ನೇ ಕೇಳಿ ತೋಟ ಎಬ್ಬಿಸುವವರುಂಟೆ? ಹೊಂಡ, ಸೊಪ್ಪು, ಗೊಬ್ಬರ, ನೀರು, ಬೇಲಿ, ಫಲ ಬರುವ ತನಕದ ಆಳಿನ ಕೂಲಿ, ಇವೆಲ್ಲ ಸೇರಿ ತಾನೆ ತೋಟದ ಖರ್ಚು? ಕಾಲೇಜಿನ ಫೀಸೂ ಸಸಿಯ ಕ್ರಯದಂತೆಯೇ. ನಮ್ಮ ಜನ ಫೀಸು ಎಷ್ಟೆಂದು ಮಾತ್ರ ಕೇಳುತ್ತಾರೆ. ಸರಕಾರಿ ಕಾಲೇಜಿನದು ಕಡಿಮೆ ಎಂದು ಗೊತ್ತಾದರೆ ಉಳಿದುದನ್ನು ಮರೆಯುತ್ತಾರೆ, ಖಾಸಗಿಯದು ಹೆಚ್ಚು ಎಂದು ಗೊತ್ತಾದರೆ ಸಾಲಕ್ಕೆ ಓಡುತ್ತಾರೆ.

ನಮ್ಮ ಕಾಸರಗೋಡಿನವರಿಗೆ ಸರಕಾರಿ ವಿದ್ಯೆ ದೂರವೇನೂ ಇಲ್ಲ. ಕಾಸರಗೋಡಿನ ಸರಕಾರಿ ಕಾಲೇಜು 1957ರಿಂದ ನಡೆಯುತ್ತಿದೆ. ಮಂಜೇಶ್ವರದಲ್ಲಿ ಗೋವಿಂದ ಪೈಯವರ ಹೆಸರಿನ ಸರಕಾರಿ ಕಾಲೇಜು ಇದೆ. ಎರಡೂ 1996ರಲ್ಲಿ ಸ್ಥಾಪನೆಯಾದ ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಪೆರಿಯದಲ್ಲಿ 2009ರ ಕಾಯಿದೆಯಂತೆ ಬಂದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಅಲ್ಲಿಗೆ ಸೇರಲು ಸಿಯುಇಟಿ ಎಂಬ ಅಖಿಲ ಭಾರತ ಪರೀಕ್ಷೆ ಬರೆಯಬೇಕು.

ಇಂಥ ಕಾಲೇಜಿನ ಕಿಟಕಿಯಲ್ಲಿ ಕಟ್ಟುವ ಹಣದಲ್ಲಿ ಬೋಧನಾ ಶುಲ್ಕ ಒಂದು ಭಾಗ ಮಾತ್ರ. ಅದರೊಡನೆ ವಿಶ್ವವಿದ್ಯಾನಿಲಯದ ಶುಲ್ಕ, ಪರೀಕ್ಷಾ ಶುಲ್ಕ, ವಿಶೇಷ ಶುಲ್ಕವೆಂಬ ಹಲವು ಚಿಲ್ಲರೆ ಬಾಬುಗಳು, ಮತ್ತು ಓದು ಮುಗಿದ ಮೇಲೆ ಮರಳಿ ಕೊಡುವ ಠೇವಣಿ ಇರುತ್ತವೆ. ಈ ಠೇವಣಿಯ ರಶೀದಿಯನ್ನು ಜೋಪಾನವಾಗಿಟ್ಟು ಮರಳಿ ಪಡೆದವರನ್ನು ನಾವು ಕಂಡದ್ದು ಅಪರೂಪ. ಆದರೂ ಈ ಬಾಬುಗಳೆಲ್ಲ ಸೇರಿದರೂ ಮನೆ ಮುಳುಗದು. ನಿಜವಾದ ಖರ್ಚು ಅನ್ನದ್ದು ಮತ್ತು ದಾರಿಯದ್ದು. ಹಾಸ್ಟೆಲಿನ ಊಟಕ್ಕೆ ತಿಂಗಳಿಗೆ 3,500 ರೂಪಾಯಿ ಎಂದಿಟ್ಟುಕೊಂಡರೂ ಹತ್ತು ತಿಂಗಳಿಗೆ 35,000 ಆಗುತ್ತದೆ. ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುವ ಮಗುವಿಗೆ ವಿದ್ಯಾರ್ಥಿ ರಿಯಾಯಿತಿ ಇದೆ. ಬುತ್ತಿ ಕಟ್ಟಿಕೊಟ್ಟರೆ ಖರ್ಚು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹಾಗಾಗಿ ಯಾವ ಕಾಲೇಜು ಎಂಬುದರಷ್ಟೇ, ಮನೆಯಿಂದ ಎಷ್ಟು ದೂರ ಎಂಬುದೂ ಮುಖ್ಯ.

ವರ್ಷಗಳ ಲೆಕ್ಕವೂ ಬದಲಾಗಿದೆ. 2024ರ ಜುಲೈಯಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಬಂದಿದೆ. ಮೂರು ವರ್ಷ ಮುಗಿಸಿ ಪದವಿ ಪಡೆದು ಹೊರಬರಬಹುದು. ನಾಲ್ಕನೆಯದನ್ನೂ ಓದಿದರೆ ಆನರ್ಸ್. ನಾಲ್ಕನೆಯ ವರ್ಷದ ಅನ್ನದ ಖರ್ಚನ್ನೂ ಮೊದಲೇ ಬರೆದಿಡುವುದು ಒಳ್ಳೆಯದು.

ಇನ್ನು ವಿದ್ಯಾರ್ಥಿವೇತನ. ಅದು ಬಡವರಿಗೆ ಮಾತ್ರ, ಅಥವಾ ಇಂಥ ಜಾತಿಯವರಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಪೂರ್ಣ ನಿಜವಲ್ಲ. ಅಂಕ ನೋಡಿ ಕೊಡುವ ಕೇಂದ್ರ ಸರಕಾರದ ವೇತನವೊಂದಿದೆ. ಪ್ಲಸ್ ಟು ಪರೀಕ್ಷೆ ಬರೆದವರನ್ನು ಅಂಕದ ಸಾಲಿನಲ್ಲಿ ನಿಲ್ಲಿಸಿದರೆ ನೂರರಲ್ಲಿ ಮೇಲಿನ ಇಪ್ಪತ್ತರೊಳಗೆ ಬರುವವರು, ಕುಟುಂಬದ ವರಮಾನ ನಾಲ್ಕೂವರೆ ಲಕ್ಷ ಮೀರದಿದ್ದರೆ, ಇದಕ್ಕೆ ಅರ್ಜಿ ಹಾಕಬಹುದು. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ವೇತನ, ಅದರಲ್ಲಿ ಅರ್ಧ ಹುಡುಗಿಯರಿಗೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ ಎಂದು 2025-26ರ ವರೆಗಿನ ನಿಯಮ. ಪ್ರತಿವರ್ಷ ನವೀಕರಿಸಬೇಕು, ಅದಕ್ಕೆ ನೂರಕ್ಕೆ 50 ಅಂಕ, 75 ಹಾಜರಿ ಬೇಕು. ಬೇರೆ ವೇತನ ಪಡೆಯುತ್ತಿರುವವರಿಗೆ ಇದು ಸಿಗದು.

ಕೇರಳದ ಉನ್ನತ ಶಿಕ್ಷಣ ಪರಿಷತ್ತಿನದು ಇನ್ನೊಂದು. ಸರಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕಲೆ, ವಿಜ್ಞಾನ, ವಾಣಿಜ್ಯ ಓದುವವರಿಗೆ ಮೊದಲ ವರ್ಷ 12,000, ಎರಡನೆಯ ವರ್ಷ 18,000, ಮೂರನೆಯ ವರ್ಷ 24,000. ಒಟ್ಟು 54,000 ರೂಪಾಯಿ. ಸಂಖ್ಯೆ ಕಡಿಮೆ, ಪೈಪೋಟಿ ಹೆಚ್ಚು. ಆದರೆ ಅರ್ಜಿಯನ್ನೇ ಹಾಕದವರಿಗೆ ಪೈಪೋಟಿಯ ಮಾತೇಕೆ?

ಪರಿಶಿಷ್ಟ ಜಾತಿಯ ಮಕ್ಕಳಿಗೆ, ಹೆತ್ತವರ ವರಮಾನ ಎರಡೂವರೆ ಲಕ್ಷದೊಳಗಿದ್ದರೆ, ಕೇಂದ್ರದ ಮೆಟ್ರಿಕ್ ನಂತರದ ವೇತನವಿದೆ. 2021ರ ಮಾರ್ಗಸೂಚಿಯಂತೆ ಮರಳಿ ಬಾರದ ಕಡ್ಡಾಯ ಶುಲ್ಕವೆಲ್ಲ ಅದರಲ್ಲಿ ಬರುತ್ತದೆ, ಠೇವಣಿ ಬರುವುದಿಲ್ಲ. ಫ್ರೀಶಿಪ್ ಕಾರ್ಡು ಎಂಬುದೊಂದಿದೆ. ಅದಿದ್ದರೆ ಬೋಧನಾ ಶುಲ್ಕವನ್ನೂ ಹಾಸ್ಟೆಲಿನ ಶುಲ್ಕವನ್ನೂ ಮುಂಗಡ ಕಟ್ಟದೆಯೇ ಸೇರಬಹುದು. ಇದನ್ನು ಅರಿಯದೆ ಸಾಲ ಮಾಡಿ ಕಟ್ಟಿದವರು ನಮ್ಮ ಊರಲ್ಲೇ ಇದ್ದಾರೆ. ಆದರೆ ಸಾಮಾನ್ಯ ಪದವಿ ಓದುವವರಿಗೆ ಕೈಗೆ ಬರುವ ಭತ್ಯೆ ಹಾಸ್ಟೆಲಿನವರಿಗೆ ವರ್ಷಕ್ಕೆ 6,000, ಮನೆಯಿಂದ ಹೋಗುವವರಿಗೆ 3,000 ಎಂದಿರಿಸಿದ್ದಾರೆ. ತಿಂಗಳಿಗೆ 500 ರೂಪಾಯಿಯಲ್ಲಿ ಯಾವ ಮೆಸ್ಸಿನಲ್ಲಿ ಊಟ ಹಾಕುತ್ತಾರೆಂದು ಬರೆದವರೇ ಹೇಳಬೇಕು.

ಗಡಿಯಲ್ಲಿರುವ ನಮಗೆ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮಗು ಮಂಗಳೂರಿಗೋ ಬೆಂಗಳೂರಿಗೋ ಓದಲು ಹೋದರೆ ವೇತನ ಯಾರು ಕೊಡಬೇಕು? ಮೆಟ್ರಿಕ್ ನಂತರದ ವೇತನವನ್ನು ಕೊಡತಕ್ಕದ್ದು ವಿದ್ಯಾರ್ಥಿ ಖಾಯಂ ವಾಸವಿರುವ ರಾಜ್ಯ, ಓದುವ ರಾಜ್ಯವಲ್ಲ. ಕಾಸರಗೋಡಿನ ಮಗು ಬೆಂಗಳೂರಿನಲ್ಲಿ ಓದಿದರೂ ಅರ್ಜಿ ಕೇರಳಕ್ಕೇ ಹೋಗಬೇಕು. ಒಂದು ರಾಜ್ಯದ ಪರಿಶಿಷ್ಟ ಜಾತಿಯ ಸ್ಥಾನ ಇನ್ನೊಂದು ರಾಜ್ಯಕ್ಕೆ ಹೋದವರ ಬೆನ್ನಹಿಂದೆ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಕರ್ನಾಟಕ 2021ರಲ್ಲಿ ತೆರೆದ ರೈತ ವಿದ್ಯಾನಿಧಿ ಕರ್ನಾಟಕದ ರೈತರ ಮಕ್ಕಳಿಗೆ. ನಮ್ಮದೂ ಕನ್ನಡ, ನಮ್ಮದೂ ಅಡಕೆ. ಆದರೆ ನಮ್ಮ ತೀರುವೆ ರಶೀದಿ ಬೇರೆ ರಾಜ್ಯದ್ದು.

ಹಾಗೆಂದು ಆಚೆಯ ಬಾಗಿಲು ಪೂರ್ತಿ ಮುಚ್ಚಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಅವಕಾಶವಿದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಲ್ಲಿ ಕನಿಷ್ಠ ಏಳು ವರ್ಷ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳು ಪ್ರಾಧಿಕಾರದ ಕನ್ನಡ ಪರೀಕ್ಷೆಯಲ್ಲಿ ಪಾಸಾದರೆ ಸರಕಾರಿ ಸೀಟಿಗೆ ಅರ್ಹರಾಗುತ್ತಾರೆ. ಕನ್ನಡ ಶಾಲೆಗೆ ಹಾಕಿ ಮಗುವಿಗೆ ನಷ್ಟವಾಯಿತೆಂದು ನಮ್ಮೆದುರು ಕೊರಗುವ ಹೆತ್ತವರಿಗೆ ಇದನ್ನು ಹೇಳುತ್ತಲೇ ಬಂದಿದ್ದೇವೆ.

ಕೃಷಿ ಪದವಿಯನ್ನು ಕೇಳಿ ಬರುವವರೂ ಇದ್ದಾರೆ. ನಮ್ಮ ಜಿಲ್ಲೆಯ ಪಡನ್ನಕಾಡಿನಲ್ಲಿ ಕೇರಳ ಕೃಷಿ ವಿಶ್ವವಿದ್ಯಾನಿಲಯದ ಕಾಲೇಜು ಇದೆ. ಕೇರಳದಲ್ಲಿ ಕೃಷಿ ಬಿ.ಎಸ್ಸಿ.ಯ ಸೀಟು ಸಿಗುವುದು ನೀಟ್ ಪರೀಕ್ಷೆಯ ಅಂಕದಿಂದ! ವೈದ್ಯರಾಗುವವರ ಪರೀಕ್ಷೆ ನಮಗೇಕೆ ಎಂದು ಬಿಟ್ಟವರು ಕೃಷಿಯ ಸೀಟನ್ನೂ ಬಿಟ್ಟ ಹಾಗೆ. ನೀಟ್ ಬರೆದರೆ ಮಾತ್ರ ಸಾಲದು, ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರಿಗೆ ಕೀಮ್ ಅರ್ಜಿಯನ್ನೂ ಹಾಕಿರಬೇಕು.

ಕಾಗದಪತ್ರದ ಮಾತಿಗೆ ಬಂದರೆ ನಮ್ಮದೇ ಮನೆಯ ಕಥೆ ಹೇಳಬೇಕಾಗುತ್ತದೆ. ನಮ್ಮ ತಮ್ಮನ ಮಗನ ಅರ್ಜಿಯನ್ನು ತುಂಬಿಸಿದ್ದು ಸ್ವತಃ ನಾವು, ಮಾಸ್ಟ್ರು. ಎಸ್ಸೆಸೆಲ್ಸಿ ಪುಸ್ತಕದಲ್ಲಿ ಹುಡುಗನ ಹೆಸರಿನ ಹಿಂದೆ ಇನಿಷಿಯಲ್ಲು; ಆಧಾರಿನಲ್ಲಿ ಅದೇ ಇನಿಷಿಯಲ್ಲು ಮುಂದೆ; ರೇಷನ್ ಕಾರ್ಡಿನಲ್ಲಿ ಮಲೆಯಾಳದಿಂದ ಇಂಗ್ಲಿಷಿಗೆ ಇಳಿದ ಹೆಸರು, ಅಕ್ಷರವೇ ಬೇರೆ. ಮೂರು ಲಿಪಿಯಲ್ಲಿ ಬದುಕುವ ನಾಡಿನಲ್ಲಿ ಇದು ಮನೆಮನೆಯ ಕಥೆ. ಅರ್ಜಿ ತಿರುಗಿ ಬಂತು. ತಿದ್ದಿಸಿ ಕಳಿಸಿ, ಮಂಜೂರಾಯಿತೆಂದು ಸಂತೋಷಪಟ್ಟರೆ ಹಣವೇ ಕಾಣಲಿಲ್ಲ. ಏಳು ತಿಂಗಳು ಹುಡುಕಿದ ಮೇಲೆ, ಅವನು ಎಂಟನೆಯ ತರಗತಿಯಲ್ಲಿದ್ದಾಗ ತೆರೆದು ಮರೆತ ಬೇರೊಂದು ಬ್ಯಾಂಕಿನ ಖಾತೆಯಲ್ಲಿ ಅದು ಬಿದ್ದಿತ್ತು. ಆಧಾರ್ ಮೂಲಕ ಬರುವ ಹಣ ನಾವು ಬರೆದುಕೊಟ್ಟ ಖಾತೆಗೆ ಹೋಗುವುದಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಈ ಗಡಿಬಿಡಿಯಲ್ಲಿ ಎರಡನೆಯ ವರ್ಷದ ನವೀಕರಣದ ಗಡುವೂ ದಾಟಿ ಹೋಯಿತು. ತಮ್ಮನು ನಮಗೇನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಆದಕಾರಣ ಮಗು ಹನ್ನೆರಡನೆಯ ತರಗತಿಯಲ್ಲಿರುವಾಗಲೇ, ಬೇಸಗೆ ರಜೆಗೆ ಮೊದಲು, ಎಲ್ಲ ಕಾಗದಗಳನ್ನು ಚಾಪೆಯ ಮೇಲೆ ಹರಡಿ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿರಿ. ವರಮಾನದ ಸರ್ಟಿಫಿಕೇಟಿಗೆ ವಿಲೇಜ್ ಆಫೀಸಿಗೆ ಹೋಗುವಾಗ ತೀರುವೆ ರಶೀದಿ, ರೇಷನ್ ಕಾರ್ಡು, ಆಧಾರ್ ಜತೆಗಿರಲಿ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸಿದರೆ ಅರ್ಜಿಯ ನಂಬರಿನ ಚೀಟಿಯನ್ನು ಕೇಳಿ ತೆಗೆದುಕೊಳ್ಳಿರಿ.

ಇಷ್ಟೆಲ್ಲ ಸರಿಯಿದ್ದರೂ ವೇತನ ಜೂನಿನಲ್ಲಿ ಬರುವುದಿಲ್ಲ. ಕಾಲೇಜು ಸೇರಿದ ಮೇಲೆ ಅರ್ಜಿ, ಅದರ ಪರಿಶೀಲನೆ, ಮಂಜೂರು, ಆಮೇಲೆ ಹಣ. ಮೊದಲ ವರ್ಷ ಅದನ್ನು ನಂಬಿ ಮೆಸ್ಸಿನ ಲೆಕ್ಕ ಬರೆಯಬಾರದು. ಮೊದಲ ಆರೇಳು ತಿಂಗಳ ಖರ್ಚಿಗೆ ಒಂದಿಷ್ಟು ಚಾಲಿ ಅಡಕೆಯನ್ನು ಮಾರದೆ ಬೇರೆ ತೆಗೆದಿಡುವುದು ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಸಾಲ ಬೇಕೇ ಬೇಕೆಂದಾದರೆ ಚಿನ್ನದ ಸಾಲಕ್ಕೆ ಮೊದಲು ವಿದ್ಯಾಸಾಲ ವಿಚಾರಿಸಿರಿ. ನಾಲ್ಕು ಲಕ್ಷದ ವರೆಗೆ ಆಸ್ತಿಯ ಅಡವು ಕೇಳಬಾರದೆಂಬುದು ಬ್ಯಾಂಕುಗಳಿಗಿರುವ ನಿಯಮ. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಕಾಲೇಜುಗಳಿಗೆ ಅಡವೂ ಬೇಡ, ಜಾಮೀನೂ ಬೇಡ. ವರಮಾನ ಎಂಟು ಲಕ್ಷದೊಳಗಿನ ಕುಟುಂಬಕ್ಕೆ, ಬೇರೆ ಸರಕಾರಿ ವೇತನ ಪಡೆಯದಿದ್ದರೆ, ಹತ್ತು ಲಕ್ಷದ ವರೆಗಿನ ಸಾಲಕ್ಕೆ ನೂರಕ್ಕೆ 3ರಂತೆ ಬಡ್ಡಿಯಲ್ಲಿ ಸಹಾಯ. ಕೇಂದ್ರ ಸರಕಾರದ ವಿದ್ಯಾಸಂಸ್ಥೆಗಳು ಆ ಪಟ್ಟಿಯಲ್ಲಿವೆ. ಬಣ್ಣದ ಕಾಗದದ ಕಾಲೇಜು ಇದೆಯೇ ಎಂದು ಅಲ್ಲೇ ನೋಡಿಕೊಳ್ಳಬಹುದು.

ನೆರೆಯವರ ಕಾಗದದಲ್ಲಿದ್ದ ಕಾಲೇಜು ಆ ಪಟ್ಟಿಯಲ್ಲಿರಲಿಲ್ಲ. ಮುಂಗಡ ಕಟ್ಟಿ ಬೇಡವಾದರೆ ಹಣ ಮರಳಿ ಕೊಡುವಿರಾ ಎಂದು ಅವರ ಎದುರೇ ಫೋನಿನಲ್ಲಿ ಕೇಳಿದೆವು. "ಅದೆಲ್ಲ ಬಂದಾಗ ಮಾತಾಡೋಣ ಸಾರ್" ಎಂದರು. ಸೇರಿದವರು ಬಿಟ್ಟರೆ ಎಷ್ಟು ದಿನದೊಳಗೆ ಎಷ್ಟು ಪಾಲು ಮರಳಿಸಬೇಕೆಂದು ಯುಜಿಸಿ 2018ರಲ್ಲೇ ಬರೆದಿದೆ. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲು ತಿಳಿಸಿದರೆ ಪೂರ್ತಿ, ಕೊನೆಯ ದಿನ ಕಳೆದು ಮೂವತ್ತು ದಿನವಾದರೆ ಏನೂ ಇಲ್ಲ. ಮೂಲ ಸರ್ಟಿಫಿಕೇಟುಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದೂ ಅದರಲ್ಲೇ ಇದೆ. ಅದನ್ನು ಓದಿ ಹೇಳಿದಾಗ ಆಚೆಯಿಂದ ಫೋನು ಕಡಿಯಿತು.

ಹುಡುಗಿ ಈಗ ಸರಕಾರಿ ಕಾಲೇಜಿನಲ್ಲಿ ರಸಾಯನ ವಿಜ್ಞಾನ ಓದುತ್ತಿದ್ದಾಳೆ. ಬೆಳಗ್ಗೆ ಏಳೂ ಮುಕ್ಕಾಲರ ಬಸ್ಸು, ಸಂಜೆ ಐದೂವರೆಗೆ ಮನೆ. ಎರಡು ವೇತನಕ್ಕೂ ಅರ್ಜಿ ಹೋಗಿದೆ. ಯಾವುದಾದರೂ ಒಂದು ಸಿಕ್ಕಿದರೆ ಇನ್ನೊಂದನ್ನು ಬಿಡತಕ್ಕದ್ದೆಂದು ಅವಳಿಗೆ ತಿಳಿಸಿದ್ದೇವೆ. ಇದನ್ನು ಬರೆಯುವ ದಿನದ ವರೆಗೆ ಒಂದು ಕಾಸೂ ಬಂದಿಲ್ಲ. ತಂದೆ ಬೇರೆ ತೆಗೆದಿಟ್ಟ ಚಾಲಿಯಲ್ಲಿ ಎರಡು ಗೋಣಿ ಮಾರಿ ಆಗಿದೆ, ಒಂದು ಉಳಿದಿದೆ. ಕಳೆದ ಭಾನುವಾರ ಮೊಬೈಲು ತಂದು, "ಮಾಸ್ಟ್ರೇ, ಇದರಲ್ಲಿ ಕಾಲೇಜಿನವರು ಒಪ್ಪಿದ್ದಾರೆ ಅಂತ ಬಂದಿದೆ, ಇನ್ನು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದಳು. ಇನ್ನು ತಿರುವನಂತಪುರಕ್ಕೆ ಎಂದೆವು.